ನದಿಯ ಮೇಲೆ ದಾವೆ

ಮೆಂಡೆರೆಸ್ ನದಿಯ ಮೇಲೆ ಜನ ದಾವೆ ಹೂಡುತ್ತಿದ್ದರಂತೆ. ದಂಡೆ ಕೊರೆದು, ಪಾತ್ರ ಬದಲಿಸಿ, ಒಬ್ಬರ ಹೊಲದ ಮಣ್ಣನ್ನು ಇನ್ನೊಬ್ಬರ ಹೊಲಕ್ಕೆ ಸೇರಿಸಿಬಿಡುವ ನದಿ ಅದು. ಗಡಿ ಕಳೆದುಕೊಂಡವರು ನ್ಯಾಯ ಕೇಳಲು ಹೋಗುತ್ತಿದ್ದರು. ನದಿಯದೇ ತಪ್ಪೆಂದು ತೀರ್ಪಾದರೆ, ಕಡವಿನ ದೋಣಿಗಳಿಂದ ಬಂದ ಸುಂಕದಲ್ಲಿ ದಂಡ ಕಟ್ಟಿಕೊಡುತ್ತಿದ್ದರು. ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಕೇಳಿ ಬರೆದಿಟ್ಟ ಸಂಗತಿ ಇದು. ಓದಿದ ದಿನವೇ ಆ ನದಿಯನ್ನು ನೋಡಬೇಕು ಅನ್ನಿಸಿತ್ತು. ಸಣ್ಣ ನೀರಾವರಿಯ ಇಂಜಿನಿಯರಾಗಿ ಕೆರೆ, ಏರಿ, ತೂಬು, ಕೋಡಿ ಎನ್ನುತ್ತಲೇ ಆಯುಷ್ಯದ ಬಹುಪಾಲು ಕಳೆದವನು ನಾನು. ನದಿಯನ್ನು ಕಟಕಟೆಗೆ ಎಳೆದ ಆ ಜನ ನನಗೆ ಬಹಳ ಹತ್ತಿರದವರಾಗಿ ಕಂಡರು.

ನನ್ನ ಹೆಂಡತಿಯ ಆಸೆ ಬೇರೆ ಥರದ್ದು. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವಳು ಅವಳು. ಕರಿಹಲಗೆಯ ಮೇಲೆ ಮೆಡಿಟರೇನಿಯನ್ ಸಮುದ್ರದ ನಕ್ಷೆಯನ್ನು ಪುಸ್ತಕ ನೋಡದೆ ಬರೆಯುತ್ತಿದ್ದಳು. ತಾನು ಮಕ್ಕಳಿಗೆ ಹೇಳಿಕೊಟ್ಟ ದೇವಾಲಯಗಳನ್ನು, ನಾಟಕದ ಬಯಲುಮಂದಿರಗಳನ್ನು ಕಣ್ಣಾರೆ ಕಾಣಬೇಕು ಎಂಬುದು ಅವಳ ಬಯಕೆ. ಇಬ್ಬರ ಆಸೆಯೂ ಒಂದೇ ಬಯಲಿನಲ್ಲಿ ಕೂಡಿಬಂದದ್ದು ನಮ್ಮ ಪುಣ್ಯ. ಟರ್ಕಿಯ ಪಶ್ಚಿಮ ಕರಾವಳಿಯಲ್ಲಿ, ಗ್ರೀಕರು ಅಯೋನಿಯಾ ಎಂದು ಕರೆಯುತ್ತಿದ್ದ ಸೀಮೆಯಲ್ಲಿ, ಪ್ರಿಯೆನೆ, ಮಿಲೆಟಸ್, ಡಿಡಿಮಾ, ಎಫೆಸಸ್ ಇವೆ. ನಂತರ ಇವೆಲ್ಲ ರೋಮಿನ ಏಷ್ಯಾ ಪ್ರಾಂತ್ಯಕ್ಕೆ ಸೇರಿದವು. ಈ ಪೈಕಿ ಪ್ರಿಯೆನೆ, ಮಿಲೆಟಸ್, ಎಫೆಸಸ್ ಮೂರೂ ಕಡಲಿನ ಊರುಗಳು. ಮೂರರಲ್ಲಿ ಯಾವುದರ ಮುಂದೆಯೂ ಈಗ ಕಡಲಿಲ್ಲ.

ಏಪ್ರಿಲ್ ತಿಂಗಳು. ಸೋಕೆ ಪಟ್ಟಣದಿಂದ ಡಾಲ್ಮುಷ್ ಎಂಬ ಸಣ್ಣ ಬಸ್ಸು ಹಿಡಿದು ಹೊರಟೆವು. ರಸ್ತೆಯ ಎಡಕ್ಕೆ ಕಣ್ಣು ಹರಿಯುವಷ್ಟು ದೂರ ಚಪ್ಪಟೆ ನೆಲ, ಹತ್ತಿ ಬಿತ್ತನೆಗೆ ಹದ ಮಾಡಿಟ್ಟ ಕಪ್ಪು ಮಣ್ಣು. ಬಲಕ್ಕೆ ಗೋಡೆಯಂತೆ ಎದ್ದ ಮಿಕಾಲೆ ಬೆಟ್ಟ. ಆ ಬೆಟ್ಟದ ಇಳಿಜಾರಿನಲ್ಲಿ, ಪೈನ್ ಮರಗಳ ನಡುವೆ ಪ್ರಿಯೆನೆ ಇದೆ. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಇಲ್ಲಿ ಊರನ್ನು ಹೊಸದಾಗಿ ಕಟ್ಟಿದರು. ಇಳಿಜಾರು ಎಷ್ಟೇ ಕಡಿದಾಗಿದ್ದರೂ ಬೀದಿಗಳು ಚೌಕಳಿಯ ಗೆರೆ ಬಿಟ್ಟು ಕದಲಿಲ್ಲ. ಪೂರ್ವ ಪಶ್ಚಿಮದ ಬೀದಿಗಳು ಮಟ್ಟಸ. ಉತ್ತರ ದಕ್ಷಿಣದವು ಮೆಟ್ಟಿಲು ಹತ್ತುತ್ತ ಹೋಗುತ್ತವೆ. ಅಥೇನಾ ದೇವಾಲಯವನ್ನು ರೂಪಿಸಿದವನು ಪಿಥಿಯೋಸ್, ಹಾಲಿಕಾರ್ನಾಸಸ್ಸಿನ ಹೆಸರಾಂತ ಸಮಾಧಿಯಲ್ಲೂ ಕೆಲಸ ಮಾಡಿದ ವಾಸ್ತುಶಿಲ್ಪಿ. ಈ ದೇವಾಲಯವನ್ನು ಅಲೆಗ್ಸಾಂಡರ್ ಅರ್ಪಿಸಿದ ಎಂದು ಹೇಳುವ ಶಾಸನದ ಕಲ್ಲು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಬಿದ್ದ ಕಂಬಗಳಲ್ಲಿ ಐದನ್ನು ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಉಳಿದವುಗಳ ಬಿಲ್ಲೆಗಳು ಬಿದ್ದಲ್ಲೇ ಬಿದ್ದಿವೆ.

ಬಯಲುಮಂದಿರದ ಮುಂದಿನ ಸಾಲಿನಲ್ಲಿ ಗಣ್ಯರಿಗೆಂದು ಕಡೆದ ಅಮೃತಶಿಲೆಯ ಆಸನಗಳಿವೆ. ಕೈಯಾನಿಕೆ ಇದೆ, ಕೆಳಗೆ ಸಿಂಹದ ಪಂಜಗಳಿವೆ. ಹೆಂಡತಿ ಒಂದರಲ್ಲಿ ಕೂತು, ಎದುರಿನ ರಂಗವನ್ನು ಬಹಳ ಹೊತ್ತು ನೋಡಿದಳು. ‘ಇಷ್ಟು ವರ್ಷ ಇದನ್ನ ಚಿತ್ರದಲ್ಲಿ ತೋರಿಸಿದೀನಿ ಕಣ್ರೀ. ಕೂತರೆ ಬೆನ್ನಿಗೆ ಇಷ್ಟು ಹಿತ ಅಂತ ಗೊತ್ತಿರಲಿಲ್ಲ’ ಅಂದಳು. ನಾನು ಅವಳನ್ನು ಅಲ್ಲೇ ಬಿಟ್ಟು ಊರಿನ ಈಶಾನ್ಯದ ಮೂಲೆಗೆ ಹತ್ತಿದೆ. ಬೆಟ್ಟದ ಊಟೆಗಳಿಂದ ತಂದ ನೀರನ್ನು ಊರೊಳಗೆ ಬಿಡುವ ಮೊದಲು ಕೆಸರು ತಂಗಲೆಂದು ನಿಲ್ಲಿಸುತ್ತಿದ್ದ ತೊಟ್ಟಿಗಳು ಇರುವುದು ಆ ಕಡೆ. ಅಲ್ಲಿಂದ ಮುಂದೆ ಮಣ್ಣಿನ ಕೊಳವೆಗಳಲ್ಲಿ ನೀರು ಬೀದಿಬೀದಿಗೆ ಇಳಿಯುತ್ತಿತ್ತು. ಕುಡಿಯುವ ನೀರಿನ ಕಸರನ್ನು ಹೇಗೆ ತಂಗಿಸಬೇಕು ಎಂಬುದು ಈ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಆ ತೊಟ್ಟಿಗಳ ಬಳಿ ನಿಂತು ಕೆಳಗಿನ ಬಯಲನ್ನು ನೋಡಿದಾಗ ನನ್ನ ಎದೆ ಭಾರವಾಯಿತು. ಅವರು ತೊಟ್ಟಿಯಲ್ಲಿ ಹಿಡಿದು ನಿಲ್ಲಿಸಿದ ಅದೇ ಮಣ್ಣನ್ನು ನದಿ ಅವರ ಕಡಲಿಗೆ ತಂದು ಸುರಿಯುತ್ತಿತ್ತು. ಸ್ಟ್ರಾಬೊನ ಕಾಲಕ್ಕೇ ನೀರು ನಲವತ್ತು ಸ್ಟೇಡಿಯಾ, ಅಂದರೆ ಸುಮಾರು ಏಳು ಕಿಲೋಮೀಟರು ಹಿಂದೆ ಸರಿದಿತ್ತು. ಈಗ ಕಣ್ಣು ಕಿರಿದು ಮಾಡಿ ನೋಡಿದರೂ ಕಡಲು ಸಿಗುವುದು ಕಷ್ಟ.

ಇದು ಹೇಗೆ ನಡೆಯುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ. ಮೇಲಿನ ಕಣಿವೆಗಳಲ್ಲಿ ಕಾಡು ಕಡಿದು ಹೊಲ ಮಾಡಿದರು. ಗುಡ್ಡಗಳಲ್ಲಿ ಆಡು ಕುರಿ ಮೇಯಿಸಿದರು. ಬೇರು ಹೋದ ಮೇಲೆ ಇಳಿಜಾರಿನ ಮಣ್ಣಿಗೆ ಹಿಡಿತವಿಲ್ಲ. ಚಳಿಗಾಲದ ಮಳೆಗೆ ಅದು ಹೊಳೆ ಸೇರುತ್ತದೆ. ಹರಿವಿನಲ್ಲಿ ಬಿರುಸು ಇರುವವರೆಗೆ ಮಣ್ಣು ನೀರಿನ ಜೊತೆ ಸಾಗುತ್ತದೆ. ಕಡಲು ಮುಟ್ಟಿ ವೇಗ ಸತ್ತಾಗ ಮೊದಲು ಮರಳು ಕೂರುತ್ತದೆ. ನುಣ್ಣನೆಯ ಜೇಡಿ ಸಿಹಿನೀರಿನಲ್ಲಿ ತೇಲುತ್ತಲೇ ಇದ್ದದ್ದು, ಉಪ್ಪುನೀರು ತಾಗಿದೊಡನೆ ಕಣಕ್ಕೆ ಕಣ ಅಂಟಿ ಗಂಟಾಗಿ ತಳ ಹಿಡಿಯುತ್ತದೆ. ಏಜಿಯನ್ ಕಡಲಿನಲ್ಲಿ ಉಬ್ಬರವಿಳಿತ ತೀರ ಕಡಿಮೆ. ಕೂತ ಮಣ್ಣನ್ನು ದಿನಾ ಎಳೆದುಕೊಂಡು ಹೋಗುವ ಶಕ್ತಿ ಅದಕ್ಕಿಲ್ಲ. ಉದ್ದಕ್ಕೂ ಒಳನಾಡಿಗೆ ಚಾಚಿದ್ದ ಒಂದು ಕೊಲ್ಲಿಯನ್ನೇ ಮೆಂಡೆರೆಸ್ ಹೀಗೆ ತುಂಬಿತು. ಯುದ್ಧ, ಬೆಂಕಿ, ಭೂಕಂಪ ಇವೆಲ್ಲ ಬಂದದ್ದು ನಿಜ. ಅವು ಬಂದಾಗಲೆಲ್ಲ ಈ ಜನ ಮತ್ತೆ ಕಟ್ಟಿಕೊಂಡರು. ಅವರ ಮೇಲೆ ಕೊನೆಗೂ ಗೆದ್ದದ್ದು ಈ ಮಣ್ಣು, ಅದೂ ನೂರಾರು ವರ್ಷ ಹಿಡಿದು, ಒಂದೊಂದೇ ಪದರವಾಗಿ.

ಎಲ್ಲರಿಗಿಂತ ಮೊದಲು ಸೋತದ್ದು ಮಿಯುಸ್ ಎಂಬ ಊರು. ಅದರ ಕೊಲ್ಲಿಯ ಬಾಯಿ ಮುಚ್ಚಿ, ಒಳಗಿನ ನೀರು ಸಿಹಿಯಾಗಿ, ಸೊಳ್ಳೆ ಹುಟ್ಟಿ, ಆ ಕಾಟ ತಾಳಲಾರದೆ ಜನ ಊರನ್ನೇ ಬಿಟ್ಟರು ಎಂದು ಎರಡನೆಯ ಶತಮಾನದ ಪ್ರವಾಸಿ ಪೌಸಾನಿಯಸ್ ಬರೆದಿದ್ದಾನೆ. ಹೋಗುವಾಗ ದೇವರ ವಿಗ್ರಹಗಳನ್ನೂ ಹೊತ್ತು ಮಿಲೆಟಸ್ಸಿಗೆ ಹೋದರಂತೆ. ಅವನು ಬಂದು ನೋಡುವಾಗ ಡಯೊನೈಸಸ್ ದೇವರ ಬಿಳಿಯ ಗುಡಿಯೊಂದು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಊರು ಮುಳುಗಡೆಯಾಗುವಾಗ ದೇವರನ್ನು ಎತ್ತಿಕೊಂಡು ಹೊರಟವರನ್ನು ನಾನು ನಮ್ಮ ಕಡೆ ಕಂಡಿದ್ದೇನೆ. ಅಲ್ಲಿ ನೀರು ಬಂದು ಹೊರಟರು, ಇಲ್ಲಿ ನೀರು ಹೋಗಿ ಹೊರಟರು.

ಮಿಲೆಟಸ್ಸಿಗೆ ನಾವು ಹೋದಾಗ ಹಿಂದಿನ ವಾರದ ಮಳೆಯ ನೀರು ಇನ್ನೂ ಇಂಗಿರಲಿಲ್ಲ. ಮಾರುಕಟ್ಟೆಯ ಅಂಗಳ, ಸ್ತಂಭಗಳ ಬುಡ ಎಲ್ಲ ಕಡೆ ಮಂಡಿಯವರೆಗೆ ನೀರು, ಅದರ ತುಂಬ ಕಪ್ಪೆಗಳ ಕೂಗು. ಅಮೃತಶಿಲೆಯ ತುಂಡುಗಳ ಮೇಲೆ ಆಮೆಗಳು ಬಿಸಿಲು ಕಾಯುತ್ತಿದ್ದವು. ಗ್ರಹಣ, ನೀರು, ನಕ್ಷತ್ರ ಎಲ್ಲವನ್ನೂ ದೇವರ ಕೋಪತಾಪ ಎನ್ನದೆ ಕಾರಣ ಹುಡುಕಿ ವಿವರಿಸಲು ಹೊರಟ ಥೇಲ್ಸ್ ಈ ಊರಿನವನು. ಲೋಕದ ನಕ್ಷೆ ಬರೆದ ಅನಾಕ್ಸಿಮ್ಯಾಂಡರ್ ಇಲ್ಲಿಯವನು. ಚೌಕಳಿ ಬೀದಿಗಳ ಊರು ಕಟ್ಟುವ ಪದ್ಧತಿಗೆ ಹೆಸರಾದ ಹಿಪ್ಪೊಡಾಮಸ್ ಕೂಡ ಇಲ್ಲಿಯವನೇ. ಎಲ್ಲದರ ಮೂಲವಸ್ತು ನೀರು ಎಂದು ಥೇಲ್ಸ್ ಹೇಳಿದ ನೆಲದಲ್ಲಿ ನಿಂತಿದ್ದೇನೆ ಎಂಬುದೇ ನನಗೆ ದೊಡ್ಡ ಸಂತೋಷ.

ಇಲ್ಲಿನ ಬಯಲುಮಂದಿರ ದೊಡ್ಡದು. ಹದಿನೈದು ಸಾವಿರದಷ್ಟು ಜನ ಕೂರಬಹುದಿತ್ತು. ಮೆಟ್ಟಿಲುಗಳ ಮೇಲೆ ಯಾರ ಜಾಗ ಯಾವುದು ಎಂದು ಕೆತ್ತಿದ್ದಾರೆ. ಅಕ್ಕಸಾಲಿಗರ ಜಾಗ ಇದೆ, ಯೆಹೂದಿಗಳ ಜಾಗ ಇದೆ. ಹೆಂಡತಿ ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಒಂದೊಂದೇ ಗ್ರೀಕ್ ಅಕ್ಷರ ಕೂಡಿಸಿ ಓದಲು ನೋಡಿದಳು. ಮೇಲಿನ ಸಾಲಿನಲ್ಲಿ ಕೂತವರಿಗೆ ನಾಟಕದ ಆಚೆ ಬಂದರು, ಹಡಗುಗಳ ಪಟ ಕಾಣುತ್ತಿದ್ದಿರಬೇಕು. ಮಿಲೆಟಸ್ಸಿಗೆ ನಾಲ್ಕು ಬಂದರುಗಳಿದ್ದವು. ಅವುಗಳಲ್ಲಿ ಒಂದರ ಬಾಯಿಗೆ ಎರಡೂ ಪಕ್ಕ ಅಮೃತಶಿಲೆಯ ದೊಡ್ಡ ಸಿಂಹಗಳನ್ನು ಇಟ್ಟಿದ್ದರು. ಆ ಸಿಂಹಗಳು ಇಂದಿಗೂ ಅಲ್ಲೇ ಇವೆ, ಮೈಯ ಬಹುಭಾಗ ಮಣ್ಣಿನಲ್ಲಿ.

ಅಲ್ಲಿ ಹೊಲದ ಅಂಚಿನಲ್ಲಿ ಟ್ರ್ಯಾಕ್ಟರು ನಿಲ್ಲಿಸಿ ಚಹಾ ಕುಡಿಯುತ್ತಿದ್ದ ರೈತರೊಬ್ಬರು ಸಿಕ್ಕರು. ಭಾಷೆ ಬಾರದಿದ್ದರೂ ಕೈಸನ್ನೆಯಲ್ಲಿ ಮಾತು ನಡೆಯಿತು. ಪಶ್ಚಿಮಕ್ಕೆ ಕಾಣುವ ತಗ್ಗು ಗುಡ್ಡವೊಂದನ್ನು ತೋರಿಸಿ ‘ಲಾಡೆ’ ಅಂದೆ. ಅವರು ಹೌದೆಂದು ತಲೆಯಾಡಿಸಿ, ನೀರಿನ ಅಲೆಯಂತೆ ಕೈ ಆಡಿಸಿ, ಆಮೇಲೆ ಆ ಕೈಯನ್ನು ನೆಲಕ್ಕೆ ಒತ್ತಿ ತೋರಿಸಿದರು. ಲಾಡೆ ಆಗ ದ್ವೀಪ. ಕ್ರಿ.ಪೂ. 494ರಲ್ಲಿ ಅದರ ಸುತ್ತಲಿನ ಕಡಲಿನಲ್ಲಿ ಅಯೋನಿಯನ್ನರ 353 ಹಡಗುಗಳು ಪರ್ಷಿಯದ ನೌಕಾಬಲವನ್ನು ಎದುರಿಸಿ ಸೋತವು ಎಂದು ಹೆರೊಡೋಟಸ್ ಲೆಕ್ಕ ಕೊಡುತ್ತಾನೆ. ಅದಾದ ಮೇಲೆ ಪರ್ಷಿಯನ್ನರು ಮಿಲೆಟಸ್ಸನ್ನು ಹಿಡಿದು ಹಾಳುಗೆಡವಿದರು. ಹಡಗು ಮುಳುಗಿದ ಜಾಗದಲ್ಲಿ ಇವತ್ತು ಹತ್ತಿ ಬೆಳೆಯುತ್ತದೆ. ಆ ಮಣ್ಣನ್ನು ಹಿಡಿ ತುಂಬ ತೆಗೆದು ಬೆರಳಲ್ಲಿ ಉಜ್ಜಿ ನೋಡಿದೆ. ಎಂಥ ಮಣ್ಣು! ಮರಳಿನ ಗರುಕು ಚೂರೂ ಇಲ್ಲ. ಊರುಗಳನ್ನು ಕಳೆದ ಮಣ್ಣು ಈ ರೈತರ ಮನೆಗಳನ್ನು ಸಾಕುತ್ತಿದೆ. ಇದನ್ನೂ ಹೇಳದೆ ಬರೀ ನಾಶ ಎಂದು ಬರೆಯುವುದು ಅನ್ಯಾಯ.

ಇನ್ನೂ ಒಂದು ಮಾತು. ಹೂಳು ತುಂಬಿದ ದಿನವೇ ಮಿಲೆಟಸ್ ಮುಗಿಯಲಿಲ್ಲ. ಮೆಂತೆಷೆ ಎಂಬ ತುರ್ಕಿ ಮನೆತನದ ಕಾಲದಲ್ಲಿ ಇದೇ ಜಾಗ ಬಲಾತ್ ಎಂಬ ಹೆಸರಿನಿಂದ ವೆನಿಸ್ಸಿನ ವರ್ತಕರೊಡನೆ ವ್ಯಾಪಾರ ನಡೆಸಿತು. 1404ರಲ್ಲಿ ಕಟ್ಟಿಸಿದ ಇಲ್ಯಾಸ್ ಬೇ ಮಸೀದಿ ಅಲ್ಲಿದೆ. ಹಳೆಯ ಊರಿನ ಅಮೃತಶಿಲೆಯನ್ನೇ ಬಳಸಿ ಕಟ್ಟಿದ್ದು. ಇಟ್ಟಿಗೆಯ ಗುಮ್ಮಟದ ಕೆಳಗೆ ಬಿಳಿಗೋಡೆಯ ಕೆತ್ತನೆ ಎಷ್ಟು ನಯ ಎಂದರೆ, ಪ್ರಾಚೀನ ಅವಶೇಷ ನೋಡಲು ಬಂದವರು ಇದನ್ನು ಬಿಟ್ಟು ಹೋಗುವುದು ನನಗೆ ಅರ್ಥವಾಗದ ಸಂಗತಿ.

ಡಿಡಿಮಾ ಬಂದರಲ್ಲ, ಅದು ಮಿಲೆಟಸ್ಸಿನವರ ದೈವವಾಣಿಯ ಸ್ಥಳ. ಅಪೊಲೊ ದೇವಾಲಯಕ್ಕೆ 122 ಕಂಬಗಳ ಯೋಜನೆ ಹಾಕಿ, ಆರು ನೂರು ವರ್ಷಗಳ ಹತ್ತಿರ ಕೆಲಸ ನಡೆಸಿ, ಮುಗಿಸದೆ ಬಿಟ್ಟರು. ನಿಂತಿರುವ ಮೂರು ಕಂಬಗಳ ಎತ್ತರ ಹತ್ತಿರಹತ್ತಿರ 20 ಮೀಟರು. ಕತ್ತಲೆಯ ಇಳಿಜಾರು ಸುರಂಗದಲ್ಲಿ ಇಳಿದು ಒಳಗಿನ ತೆರೆದ ಅಂಗಳಕ್ಕೆ ಬಂದಾಗ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಸುತ್ತ ಎತ್ತರದ ಗೋಡೆ, ಮೇಲೆ ಆಕಾಶ. ನನ್ನ ಕಣ್ಣು ಹುಡುಕುತ್ತಿದ್ದದ್ದು ಗೋಡೆಯ ಮೇಲಿನ ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನು. 1979ರಲ್ಲಿ ಲೋತಾರ್ ಹಾಸೆಲ್‌ಬೆರ್ಗರ್ ಎಂಬ ವಿದ್ವಾಂಸರು ಅವನ್ನು ಗುರುತಿಸಿದರು. ಅವು ಕಟ್ಟಡದ ನಕ್ಷೆಗಳು! ಕಂಬದ ಪೀಠ, ಕಂಬದ ಮೈ ಎಲ್ಲವನ್ನೂ ಶಿಲ್ಪಿಗಳು ಗೋಡೆಯ ಮೇಲೇ ಗೀರಿಕೊಂಡಿದ್ದರು. ಕಂಬದ ನಡುವಿನ ನವಿರಾದ ಉಬ್ಬನ್ನು ಗುರುತು ಹಾಕಲು ಅಗಲವನ್ನು ನಿಜವಾದ ಅಳತೆಯಲ್ಲಿಟ್ಟು, ಎತ್ತರವನ್ನು ಮಾತ್ರ ಹದಿನಾರರಲ್ಲಿ ಒಂದು ಪಾಲಿಗೆ ಇಳಿಸಿದ್ದಾರೆ. ಕಾಲುವೆಯ ಎಲ್-ಸೆಕ್ಷನ್, ಅಂದರೆ ಉದ್ದಸೀಳಿನ ನಕ್ಷೆ, ಬರೆಯುವಾಗ ನಾವೂ ಮಾಡುವುದು ಇದನ್ನೇ: ಉದ್ದಕ್ಕೆ ಒಂದು ಸ್ಕೇಲು, ಎತ್ತರಕ್ಕೆ ಇನ್ನೊಂದು. ಕೆಲಸ ಮುಗಿದ ಮೇಲೆ ಗೋಡೆ ಉಜ್ಜಿ ನಯಮಾಡುವಾಗ ಈ ಗೆರೆಗಳು ಅಳಿಸಿಹೋಗಬೇಕಿತ್ತು. ಕೆಲಸ ಮುಗಿಯಲಿಲ್ಲ, ಗೆರೆಗಳು ಉಳಿದವು. ಓರೆ ಬಿಸಿಲಿನಲ್ಲಿ ಒಂದೆರಡು ಗೆರೆ ಕಂಡವು. ಅವನ್ನು ಮುಟ್ಟದೆ, ಬರೀ ನೋಡಿ, ಕೈ ಮುಗಿದು ಬಂದೆ.

ಅಲ್ಲಿಂದ ಬಾಫಾ ಕೆರೆ. ಇಡೀ ಕೊಲ್ಲಿ ತುಂಬಿದಾಗ ಮೂಲೆಯಲ್ಲಿ ಉಳಿದುಹೋದ ಕಡಲಿನ ತುಂಡು ಅದು. ನೀರಿನಲ್ಲಿ ಇನ್ನೂ ಉಪ್ಪಿನಂಶ ಇದೆ. ದಡದ ಹೆರಾಕ್ಲಿಯಾದಲ್ಲಿ ಹಳೆಯ ಕೋಟೆಯ ಕಲ್ಲುಗಳ ನಡುವೆಯೇ ಈಗಿನ ಹಳ್ಳಿ, ಹಸುಗಳ ಕೊಟ್ಟಿಗೆ. ಆ ರಾತ್ರಿ ಕೆರೆಯ ಮೀನು ಹುರಿದು ಬಡಿಸಿದರು.

ಎಫೆಸಸ್ಸಿನ ವಿಷಯದಲ್ಲಿ ಮಾತ್ರ ನಾನು ನಿಧಾನಿಸಬೇಕು. ಅಲ್ಲಿಗೆ ಬರುವ ಜನವೆಲ್ಲ ಸೆಲ್ಸಸ್ ಗ್ರಂಥಾಲಯದ ಮುಂದೆ ನೆರೆಯುತ್ತಾರೆ. ನೆರೆಯಬೇಕಾದ್ದೇ, 1970ರ ದಶಕದಲ್ಲಿ ಆಸ್ಟ್ರಿಯದ ತಜ್ಞರು ಬಿದ್ದ ತುಂಡುಗಳನ್ನು ಜೋಡಿಸಿ ಆ ಮುಂಗೋಡೆಯನ್ನು ಮೇಲೆತ್ತಿದ್ದು ದೊಡ್ಡ ಸಾಧನೆ. ಹೆಂಡತಿಯನ್ನು ಅಲ್ಲಿಂದ ಕದಲಿಸುವುದು ಕಷ್ಟವಾಯಿತು. ನಾವು ಮಹಾ ಬಯಲುಮಂದಿರದ ಮೇಲ್ತುದಿಗೆ ಹತ್ತಿ ಕೂತಾಗ, ಕೆಳಗೆ ನೇರ ಗೆರೆ ಎಳೆದಂತೆ ಬಂದರಿನ ಬೀದಿ ಕಂಡಿತು. ಅರ್ಧ ಕಿಲೋಮೀಟರು ಉದ್ದ, 11 ಮೀಟರು ಅಗಲ, ಎರಡೂ ಪಕ್ಕ ಕಂಬಸಾಲಿನ ಮೊಗಸಾಲೆ. ಒಂದು ಕಾಲಕ್ಕೆ ರಾತ್ರಿ ದೀಪ ಉರಿಸುತ್ತಿದ್ದರು. ಆ ಬೀದಿ ಹೋಗಿ ಮುಟ್ಟುವುದು ಜೊಂಡು ಬೆಳೆದ ಜೌಗಿಗೆ. ಕಡಲು ಅಲ್ಲಿಂದಲೂ ಐದು ಕಿಲೋಮೀಟರಿಗಿಂತ ದೂರ. ಇಲ್ಲಿ ಮಣ್ಣು ತಂದದ್ದು ಕೇಸ್ಟರ್ ಎಂಬ ಇನ್ನೊಂದು ನದಿ, ಇಂದಿನ ಕುಚುಕ್ ಮೆಂಡೆರೆಸ್.

ಈ ಬಂದರನ್ನು ಉಳಿಸಿಕೊಳ್ಳಲು ಎಫೆಸಸ್ ಮಾಡಿದ ಹೋರಾಟದ ದಾಖಲೆ ಎಷ್ಟು ಚೆನ್ನಾಗಿ ಉಳಿದಿದೆ ಎಂದರೆ, ಒಂದೊಂದು ಪ್ರಯತ್ನವೂ ನನ್ನ ಮೇಜಿನ ಮೇಲೆ ಬಂದ ಕಡತದಂತೆ ಓದಿಸಿಕೊಂಡಿತು. ಮೊದಲನೆಯದು ಪೆರ್ಗಮಮ್ಮಿನ ದೊರೆ ಅಟ್ಟಾಲಸ್ ಫಿಲಡೆಲ್ಫಸ್‌ನದು, ಕ್ರಿ.ಪೂ. ಎರಡನೆಯ ಶತಮಾನದಲ್ಲಿ. ಬಂದರಿನ ಬಾಯಿ ಕಿರಿದು ಮಾಡಿದರೆ ನೀರು ಆಳವಾಗುತ್ತದೆ, ದೊಡ್ಡ ಹಡಗು ಒಳಬರಬಹುದು ಎಂದು ಅವನೂ ಅವನ ವಾಸ್ತುಶಿಲ್ಪಿಗಳೂ ನಂಬಿ, ಅಡ್ಡಗಟ್ಟೆ ಹಾಕಿದರು. ಆದದ್ದು ವಿರುದ್ಧ. ಮೊದಲು ಬಾಯಿ ಅಗಲವಿದ್ದಾಗ ಕಡಲಿನ ಹೋಗುಬರುವಿಕೆಯಲ್ಲಿ ಹೂಳು ಅಷ್ಟಿಷ್ಟು ಹೊರಗೆ ಹೋಗುತ್ತಿತ್ತು. ಗಟ್ಟೆ ಬಂದ ಮೇಲೆ ಅದು ಒಳಗೇ ಸಿಕ್ಕಿಕೊಂಡು ಇಡೀ ಬಂದರು ಮೇಲೆದ್ದಿತು. ಸ್ಟ್ರಾಬೊ ಇದನ್ನು ವಿವರಿಸಿದ ರೀತಿಯಲ್ಲಿ ಹಂಗಿಸುವ ಧಾಟಿ ಇಲ್ಲ, ಕಾರಣ ಮಾತ್ರ ಇದೆ. ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಅದನ್ನು ಪಾಠವಾಗಿ ಇಡಬೇಕು ಎಂದು ನನ್ನ ಗಟ್ಟಿ ಅಭಿಪ್ರಾಯ.

ಎರಡನೆಯದು ನೀರೋ ಚಕ್ರವರ್ತಿಯ ಕಾಲದ್ದು. ಏಷ್ಯಾ ಪ್ರಾಂತ್ಯದ ಅಧಿಪತಿಯಾಗಿ ಬಂದ ಬಾರೆಯಾ ಸೊರಾನಸ್ ಮುತುವರ್ಜಿಯಿಂದ ಎಫೆಸಸ್ ಬಂದರನ್ನು ತೆರವುಗೊಳಿಸಿದ. ಅವನ ನ್ಯಾಯಪರತೆ, ದುಡಿಮೆ, ಈ ಬಂದರಿನ ಕೆಲಸ ಎಲ್ಲವೂ ಚಕ್ರವರ್ತಿಯ ಅಸಮಾಧಾನ ಹೆಚ್ಚಿಸಿದವು ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ಕೊನೆಗೆ ಕ್ರಿ.ಶ. 66ರಲ್ಲಿ ಸೊರಾನಸ್ ಮೇಲೆ ವಿಚಾರಣೆ ನಡೆದು, ಅವನೂ ಅವನ ಮಗಳೂ ಸಾಯಬೇಕಾಯಿತು. ಹೂಳೆತ್ತಿಸಿದ ಮನುಷ್ಯನ ಹೆಸರು ಎರಡು ಸಾವಿರ ವರ್ಷ ಉಳಿದುಬಂದದ್ದು ಇಂಥ ದಾರಿಯಲ್ಲಿ ಎಂಬುದು ನನ್ನನ್ನು ಬಹಳ ದಿನ ಕಾಡಿತು.

ಕ್ರಿ.ಶ. 129ರಲ್ಲಿ ಹೇಡ್ರಿಯನ್ ಚಕ್ರವರ್ತಿ ಬಂದರುಗಳಲ್ಲಿ ಹಡಗು ಓಡುವಂತೆ ಮಾಡಿ, ಅವಕ್ಕೆ ಕೇಡಾಗಿದ್ದ ಕೇಸ್ಟರ್ ನದಿಯ ಹರಿವನ್ನೇ ಬೇರೆ ಕಡೆ ತಿರುಗಿಸಿದನೆಂದು ಊರಿನವರು ಶಾಸನ ಹಾಕಿಸಿದರು. ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಅದೇ ಶತಮಾನದ ಇನ್ನೊಂದು ಕಲ್ಲು, ಅಂಟೋನಿಯಸ್ ಆಲ್ಬಸ್ ಎಂಬ ಅಧಿಪತಿಯ ಆಜ್ಞೆ. ಮರದ ವ್ಯಾಪಾರಿಗಳು ದಿಮ್ಮಿಗಳನ್ನು ಹಡಗುಕಟ್ಟೆಯ ಮೇಲೆ ಪೇರಿಸಬಾರದು, ಏಕೆಂದರೆ ಆ ಭಾರಕ್ಕೆ ಕಟ್ಟೆಯ ಆನಿಕೆಗಳು ಕೆಡುತ್ತವೆ. ಕಲ್ಲಿನವರು ಅಲ್ಲಿ ಅಮೃತಶಿಲೆ ಕೊಯ್ಯಬಾರದು, ಏಕೆಂದರೆ ಕೊಯ್ಯುವಾಗ ಬಳಸುವ ಕುರುಂದದ ಪುಡಿ ನೀರಿಗೆ ಬಿದ್ದು ಆಳವನ್ನು ತುಂಬುತ್ತದೆ, ಹರಿವನ್ನು ತಡೆಯುತ್ತದೆ. ಮೀರಿದವರಿಗೆ ದಂಡ. ಗ್ರಂಥಾಲಯದ ಆ ಚೆಂದದ ಮುಂಗೋಡೆಗೂ ಎಲ್ಲೋ ಹೀಗೇ ಶಿಲೆ ಕೊಯ್ದಿರಬೇಕು. ನದಿ ತರುವ ರಾಶಿಯ ಮುಂದೆ ಕುರುಂದದ ಪುಡಿ ಎಷ್ಟರದು? ಆದರೂ ತಮ್ಮ ಕೈಯಲ್ಲಿ ತಡೆಯಲಾಗುವ ಹಿಡಿ ಮಣ್ಣನ್ನಾದರೂ ತಡೆಯೋಣ ಎಂದು ಒಬ್ಬ ಅಧಿಕಾರಿ ಯೋಚಿಸಿ, ಕಾರಣ ಸಮೇತ ಬರೆಸಿ, ಕಲ್ಲಿನಲ್ಲಿ ನಿಲ್ಲಿಸಿದ. ಆ ಮನುಷ್ಯನ ಮೇಲೆ ನನಗೆ ಪ್ರೀತಿ ಹುಟ್ಟಿತು.

ಎಫೆಸಸ್ಸಿನ ಪಕ್ಕದ ಸೆಲ್ಚುಕ್ ಪಟ್ಟಣದ ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದಿನ ನಾಣ್ಯಗಳನ್ನು ನೋಡುತ್ತ ಹೆಂಡತಿ ‘ಚಂದ್ರವಳ್ಳಿ’ ಅಂದಳು. ನನಗೂ ಅದೇ ನೆನಪು ಬಂದಿತ್ತು. ಚಿತ್ರದುರ್ಗದ ಮಗ್ಗುಲಿನ ಆ ಕಣಿವೆಯಲ್ಲಿ ಅಗಸ್ಟಸ್, ಟೈಬೀರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ, 1929ರಲ್ಲಿ ಎಂ.ಎಚ್. ಕೃಷ್ಣ ಅವರು ಅಲ್ಲಿ ಉತ್ಖನನ ಮಾಡಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಮಾಡಿದರು. ಅದೇ ಕಣಿವೆಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ, ಅದು ಹೇಳುವುದು ಒಂದು ಕೆರೆಯ ವಿಷಯ. ಕೆರೆ ಕಟ್ಟಿದವರು ಮಾತ್ರವಲ್ಲ, ಅದನ್ನು ಕಾಯಲು ಜಮೀನು ಬಿಟ್ಟವರ ಹೆಸರೂ ನಮ್ಮ ನಾಡಿನ ಶಾಸನಗಳಲ್ಲಿ ಬೇಕಾದಷ್ಟಿವೆ. ಮಕ್ಕಳಿಗೆ ಅವುಗಳನ್ನು ಹೇಳಿಕೊಡುವುದು ಕಡಿಮೆ ಎಂದು ಅವಳು ಬೇಸರಪಟ್ಟಳು.

ಸೆಲ್ಚುಕ್ಕಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಆರ್ಟೆಮಿಸ್ ದೇವಾಲಯದ ಜಾಗ. ಪ್ರಾಚೀನರು ಏಳು ಅದ್ಭುತಗಳಲ್ಲಿ ಎಣಿಸಿದ್ದು. ಭೂಕಂಪದ ಪೆಟ್ಟು ತಗ್ಗಲೆಂದೇ ಜೌಗುನೆಲವನ್ನು ಆರಿಸಿ ಕಟ್ಟಿದರೆಂದು ರೋಮನ್ ಲೇಖಕ ಪ್ಲಿನಿ ಹೇಳುತ್ತಾನೆ. ಸ್ಮಿರ್ನಾ ರೈಲುಮಾರ್ಗಕ್ಕೆ ನಿಲ್ದಾಣ ಕಟ್ಟಲು ಬಂದಿದ್ದ ಜಾನ್ ಟರ್ಟಲ್ ವುಡ್ ಎಂಬಾತ ವರ್ಷಗಟ್ಟಲೆ ಹುಡುಕಿ, 1869ರ ಡಿಸೆಂಬರಿನ ಕೊನೆಯ ದಿನ ಹೂಳಿನ ಆಳದಲ್ಲಿ ಅದರ ನೆಲಗಟ್ಟು ಕಂಡ. ಈಗ ಅಲ್ಲಿರುವುದು ತುಂಡು ಜೋಡಿಸಿ ನಿಲ್ಲಿಸಿದ ಒಂದೇ ಕಂಬ, ಅದರ ಮೇಲೆ ಕೊಕ್ಕರೆಯ ಗೂಡು, ಸುತ್ತ ನೀರು.

ಹೇಡ್ರಿಯನ್ನನ ನಂತರವೂ ಎಫೆಸಸ್ ಸೋತು ಕೂರಲಿಲ್ಲ. ಕಡಲು ಸರಿದಂತೆಲ್ಲ ಬಂದರಿನಿಂದ ಕಡಲಿಗೆ ಕಾಲುವೆಯನ್ನು ಉದ್ದ ಮಾಡುತ್ತ ಹೋದರು. ಅದರ ಇಕ್ಕೆಲದಲ್ಲಿ ಸತ್ತವರ ಸಮಾಧಿಗಳನ್ನು ಕಟ್ಟಿದರು; ಊರಿಗೆ ಬರುವ ಹಡಗುಗಳು ಅವುಗಳ ನಡುವೆ ಹಾದು ಬರುತ್ತಿದ್ದವು. ಕಾಲುವೆಯ ಗುರುತು ಇಂದಿಗೂ ಇದೆ. ಇಂದಿನ ಯಾತ್ರಿಕರಲ್ಲೂ ಬಹಳ ಜನ ಹಡಗಿನಲ್ಲೇ ಬರುತ್ತಾರೆ, ಆದರೆ ಇಳಿಯುವುದು ದಕ್ಷಿಣದ ಕುಶಾದಾಸಿಯಲ್ಲಿ, ಅಲ್ಲಿಂದ ಬಸ್ಸು. ಹಳೆಯ ಕಾಲುವೆಯನ್ನು ಮತ್ತೆ ತೋಡಿ ದೋಣಿಗಳನ್ನು ಎಫೆಸಸ್ಸಿನವರೆಗೆ ತರುವ ಯೋಜನೆಯೊಂದನ್ನು ಟರ್ಕಿ ಸರ್ಕಾರ ಘೋಷಿಸಿದೆ. ‘ಆಗ ಮತ್ತೆ ಬರೋಣ ಅಲ್ವೇನ್ರೀ, ದೋಣೀಲಿ?’ ಎಂದು ಹೆಂಡತಿ ಕೇಳಿದಳು. ಖಂಡಿತ ಬರೋಣ ಅಂದೆ. ಆ ಯೋಜನೆಯ ಕಡತ ಎಂದಾದರೂ ನನ್ನ ಕೈಗೆ ಸಿಕ್ಕರೆ, ಮೊದಲು ಹುಡುಕುವುದು ವರ್ಷವರ್ಷ ಹೂಳೆತ್ತಿಸಲು ಅದರಲ್ಲಿ ಎಷ್ಟು ಹಣ ಇಟ್ಟಿದ್ದಾರೆ ಎಂಬುದನ್ನು.